ನೆತ್ತಿಯ ಮೇಲೆ ನಿಲ್ಲದ ಎಣ್ಣೆ

ಲಕ್ಷ್ಮೇಶ್ವರದ ನೀಲವ್ವ ನನ್ನ ತಮ್ಮನ ಹೆಂಡತಿಯ ತಾಯಿ. ಅವಳ ಮನೆಗೂ ನನಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಅದರ ತಲೆಬಾಗಿಲು ಗಿಡ್ಡ. ಇಪ್ಪತ್ತೈದು ವರ್ಷ ಹೋಗಿಬಂದರೂ ಪ್ರತಿ ಸಲ ಹಣೆ ಬಡಿಸಿಕೊಳ್ಳುತ್ತೇನೆ. ಹೋದ ತಿಂಗಳೂ ಹಾಗೇ ಆಯಿತು. ಹಣೆ ಉಜ್ಜಿಕೊಳ್ಳುತ್ತ ಒಳಗೆ ಕಾಲಿಟ್ಟೆ, ಔಡಲ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ನೀಲವ್ವನ ಮಗನ ಮಗಳು ಹೆತ್ತಿದ್ದಳು, ಮನೆಯಲ್ಲಿ ಮತ್ತೆ ಎಳೆಗೂಸು, ಅದರ ನಾಮಕರಣಕ್ಕೆ ನಮ್ಮನ್ನು ಕರೆದಿದ್ದರು. ಎಣ್ಣೆ ಬಿಸಿಮಾಡಿದ ಆ ಗಮಟು ವಾಸನೆಗೆ ನಾನು ಹೊಸ್ತಿಲ ಮೇಲೆಯೇ ನಿಂತುಬಿಟ್ಟೆ.

"ಬಾ. ನಿಂತರ ಕಾಲ ಸವೀತಾವ," ಎಂದಳು ನೀಲವ್ವ ಒಳಗಿಂದ. ಎಂಬತ್ತು ದಾಟಿದ ಮುದುಕಿ, ಧ್ವನಿ ಮಾತ್ರ ಸಾಣೆ ಹಿಡಿದ ಕುಡುಗೋಲು.

ನನ್ನ ಚೀಲದಲ್ಲಿ ಒಂದು ಹಳೆಯ ಕುಲಾವಿ ಇತ್ತು. ಕುಲಾವಿಯೆಂದರೆ ಎಳೆಗೂಸಿಗೆ ಕಟ್ಟುವ ಬಟ್ಟೆಯ ಟೋಪಿ. ಅದನ್ನು ಇಷ್ಟು ವರ್ಷ ನನ್ನ ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದೆ. ಈ ಸಲ ತಂದಿದ್ದೆ.

ಆ ಕುಲಾವಿ ಹೊಲಿದದ್ದು ಗದಗ ಹೊಸದಾಗಿ ಜಿಲ್ಲೆಯಾದ ಕಾಲದಲ್ಲಿ. ಕಚೇರಿಗಳಿದ್ದವು, ಕುರ್ಚಿಗಳಿರಲಿಲ್ಲ, ಕುರ್ಚಿ ಇದ್ದಲ್ಲಿ ಜನರಿರಲಿಲ್ಲ. ಬೋರ್ಡುಗಳ ಮೇಲೆ ಧಾರವಾಡದ ಹೆಸರು ಅಳಿಸಿ ಗದಗ ಎಂದು ಬರೆದಿದ್ದರು, ಬಿಸಿಲು ಬಿದ್ದರೆ ಕೆಳಗಿನ ಧಾರವಾಡ ಮತ್ತೆ ಕಾಣುತ್ತಿತ್ತು. ನನ್ನ ತಮ್ಮ ಬಸವರಾಜ ಅಂಥದೊಂದು ಕಚೇರಿಯಲ್ಲಿ ಗುಮಾಸ್ತ. ಮೂವರ ಕೆಲಸ ಒಬ್ಬನ ತಲೆಗೆ, ರಜೆ ಕೇಳಿದರೆ ಸಾಹೇಬರು, "ಜಿಲ್ಲಾ ಈಗ ಹುಟ್ಟೇತಿ, ಅದನ್ನ ಬಿಟ್ಟು ಎಲ್ಲಿ ಹೊಂಟಿ?" ಅನ್ನುತ್ತಿದ್ದರಂತೆ. ಅವನ ಮನೆಯಲ್ಲೂ ಆಗಷ್ಟೇ ಒಂದು ಕೂಸು ಹುಟ್ಟಿತ್ತು. ಅದರ ಕಡೆ ನೋಡುವ ಕೆಲಸ ನನಗೆ ಬಂತು. ಬೆಟಗೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಇಪ್ಪತ್ತಾರರ ಹೆಣ್ಣು ನಾನು. ಮಳೆ ಬಂದರೆ ಸೂರು, ಬರದಿದ್ದರೆ ಬಾವಿ, ಬಸ್ಸು ತಡವಾದರೆ ಅಪಘಾತ, ಬೇಗ ಬಂದರೆ ಚಾಲಕ ಕುಡಿದಿದ್ದಾನೇನೋ ಎಂದು ಚಿಂತೆ ಮಾಡುವವಳು. ಇಂಥವಳಿಗೆ ಒಂದು ನಿಜವಾದ ಚಿಂತೆಯನ್ನು ವಹಿಸಿಕೊಟ್ಟರು.

ತಮ್ಮನ ಹೆಂಡತಿ ರೇಣುಕಾ ದೀಪಾವಳಿ ಹೊತ್ತಿಗೆ ತವರಿನಲ್ಲಿ ಹೆತ್ತಳು. ಹೆಣ್ಣು ಕೂಸು. ಬೆನ್ನಿನ ಕೆಳಗೆ, ಸೊಂಟದ ಮೇಲೆ, ನಿಂಬೆಹಣ್ಣಿನಷ್ಟು ಒಂದು ಗುಳ್ಳೆ. ತೆಳ್ಳನೆಯ ಪೊರೆ, ಒಳಗೆ ನೀರು. ಕಾಲು ಆಡಿಸುತ್ತಿರಲಿಲ್ಲ. ಅಂದೇ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದೆವು. ವರಾಂಡದಲ್ಲಿ ಕೂತಾಗ ನೀಲವ್ವ ಮೊದಲ ಕಲ್ಲು ಬೀಸಿದಳು.

"ನಿಮ್ಮ ಮನಿತನದಾಗ ಮೊದಲ ಯಾರಿಗರ ಹಿಂಗ ಆಗಿತ್ತೇನು?"

"ಗ್ರಹಣದ ದಿನ ಮಗಳ ಕೈಯಾಗ ಈಳಿಗಿ ಕೊಟ್ಟಾರ ಯಾರ್ರಿ?" ಎಂದೆ ನಾನು. ಗ್ರಹಣ ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂತು, ಒಗೆದೆ.

ಇದು ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಬಸಿರು ನಿಂತದ್ದು ತಾಯಿಗೇ ಗೊತ್ತಾಗುವ ಮೊದಲು, ಆರಂಭದ ವಾರಗಳಲ್ಲೇ ಬೆನ್ನುಹುರಿ ಮುಚ್ಚಿಕೊಳ್ಳಬೇಕು, ಇದರಲ್ಲಿ ಮುಚ್ಚಿಕೊಂಡಿಲ್ಲ. ನಾವಿಬ್ಬರೂ ತಲೆ ಅಲ್ಲಾಡಿಸಿದೆವು, ಇಬ್ಬರೂ ನಂಬಲಿಲ್ಲ. ನಂಬಿದ್ದರೆ ಜಗಳಕ್ಕೆ ಏನು ಉಳಿಯುತ್ತಿತ್ತು?

ಬೆನ್ನನ್ನು ಹೊಲಿದು ಮುಚ್ಚಿದರು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಕರೆದು ಒಂದು ಹಾಳೆಯ ಮೇಲೆ ಚಿತ್ರ ಬರೆದರು. "ನೀವು ಟೇಲರ್ ಅಂತಲ್ಲ, ನಿಮಗ ತಿಳೀತದ ನೋಡ್ರಿ. ಇಂಥ ಕೂಸಿನ ಬೆನ್ನು ಮುಚ್ಚಿದರ ಮುಗೀಲಿಲ್ಲ. ಮಿದುಳಿನ ಹಿಂದಿನ ಭಾಗ ಕೆಳಗ ಜಾರಿ ಕುತ್ತಿಗಿ ತೂತಿನ್ಯಾಗ ಸಿಕ್ಕೊಂಡಿರ್ತದ. ಮಿದುಳಿನ ಸುತ್ತ ಆಡೋ ನೀರಿಗೆ ಹಾದಿ ಕಟ್ಟತದ. ನೀರು ಒಳಗ ತುಂಬಕೋತ ಹೋಗಿ, ಮಿದುಳನ್ನ ಬುರುಡಿಗೆ ಒತ್ತತದ."

ಕಾಲರ್ ಹೊಲಿಯುವಾಗ ಒಳಬಟ್ಟೆ ಜಾರಿ ಪಟ್ಟಿಯಲ್ಲಿ ಸಿಕ್ಕಿಕೊಳ್ಳುವುದು ನನಗೆ ಕಂಡಿತು. ತಿಳಿಯಿತು ಎಂದೆ.

"ಎಳೀ ಬುರುಡಿ ಕೂಡಿರೂದಿಲ್ಲ, ಅದಕ್ಕ ತಲಿ ದೊಡ್ಡದಾಗ್ತದ. ವಾರಕ್ಕೊಮ್ಮೆ ಟೇಪ್ ಹಿಡೀರಿ. ಹುಬ್ಬಿನ ಮ್ಯಾಲಿಂದ, ತಲಿ ಹಿಂದಿನ ಉಬ್ಬಿನ ಮ್ಯಾಲಿಂದ. ಅಳತಿ ಜಿಗಿದರ, ವಾಂತಿ ಹೆಚ್ಚಾದರ, ಕಣ್ಣು ಬರೇ ಕೆಳಗ ನೋಡಾಕ ಹತ್ತಿದರ, ಅವತ್ತ ಬರ್ರಿ. ಮರುದಿನ ಅನ್ನಬ್ಯಾಡ್ರಿ. ತಡಾದರ ಹೋದದ್ದು ತಿರುಗಿ ಬರೂದಿಲ್ಲ."

ಅಳತೆಯ ವಿಷಯ ನನಗೆ ಹೇಳುತ್ತಿದ್ದಾರಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಬೆಟಗೇರಿಯ ಅರ್ಧ ಹೆಂಗಸರ ಎದೆಸುತ್ತು ನನಗೆ ಬಾಯಿಪಾಠ ಇತ್ತು.

ಮೊದಲ ವಾರ ಲಕ್ಷ್ಮೇಶ್ವರಕ್ಕೆ ಹೋಗಿ, ಕೊರಳಿನ ಟೇಪು ತೆಗೆದು ತೊಟ್ಟಿಲ ಮೇಲೆ ಬಾಗಿದೆ. ನೀಲವ್ವ ನನ್ನ ಮಣಿಕಟ್ಟು ಹಿಡಿದಳು.

"ಏನದು?"

"ತಲಿ ಅಳತಿರಿ. ಡಾಕ್ಟರು ಹೇಳ್ಯಾರ."

"ತೊಟ್ಟಲದಾಗಿನ ಕೂಸಿಗೆ ಅಳತಿ ಹಿಡೀತಾರೇನು? ಅಳತಿ ಹಿಡಿಯೂದು ಹೊರಗ ಒಯ್ಯೂ ಮುಂದ, ಕುಣಿ ತೋಡಾಕ. ಇನ್ನೂ ಹೆಸರಿಲ್ಲ ಅದಕ್ಕ."

"ಇದು ಶಾಸ್ತ್ರಾ ಅಲ್ರಿ, ವೈದ್ಯ."

"ನಿನ್ನ ವೈದ್ಯಾ ನಿನ್ನ ಅಂಗಡ್ಯಾಗ ಇಟಗೋ ಟೇಲರ್‌ಬಾಯಿ. ಈ ಮನಿಯಾಗ ಟೇಪ ಬಿಚ್ಚಬ್ಯಾಡ."

ರೇಣುಕಾ ಮಂಚದ ಮೇಲೆ ಮುಖ ಗೋಡೆಗೆ ತಿರುಗಿಸಿ ಮಲಗಿದ್ದಳು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ತಮ್ಮನಿಗೆ ಹೇಳಬಹುದಿತ್ತು, ಅವನು ಬಂದು ಅತ್ತೆಗೆ ಗದರಬಹುದಿತ್ತು. ಆದರೆ ಆ ಮುದುಕಿಯನ್ನು ನಾನೇ ಗೆಲ್ಲಬೇಕಿತ್ತು. ಜಾಣತನಕ್ಕೆ ಹತ್ತಿದೆ.

"ಟೇಪ ಬ್ಯಾಡ ಅಂದ್ರ ಬಿಡ್ರಿ. ಸೋದರತ್ತಿ ಕುಲಾವಿ ಹೊಲೀಬೇಕಲ್ಲ, ಅದಕ್ಕರ ಅಡ್ಡಿ ಇಲ್ಲಲ್ಲ?"

ಅದಕ್ಕೆ ಅಡ್ಡಿಯಿರಲಿಲ್ಲ. ಹೆಸರಿಡುವವರೆಗೆ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಹಳೆಯದರಲ್ಲೇ ಹೊಲಿಯಬೇಕು. ನೀಲವ್ವ ತನ್ನ ಹಳೆಯ ಇಳಕಲ್ ಸೀರೆಯ ಒಂದು ತುಂಡನ್ನು ನನ್ನ ಕಡೆ ಎಸೆದಳು. ದವಾಖಾನೆಯ ಚೀಟಿಯಲ್ಲಿ ಬರೆದ ತಲೆಸುತ್ತಿಗೆ ಸರಿಯಾಗಿ ಕುಲಾವಿ ಹೊಲಿಯುವುದು, ವಾರವಾರ ಬಂದು ಕಟ್ಟುವುದು, ಬಿಗಿಯಾದರೆ ಅಂದೇ ಹುಬ್ಬಳ್ಳಿಗೆ ಓಡುವುದು, ಇದು ನನ್ನ ಹಂಚಿಕೆ. ಮುದುಕಿಯ ಸೀರೆಯಲ್ಲೇ ಮುದುಕಿಗೆ ತಿಳಿಯದ ಟೇಪು. ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಆದರೆ ಹೊಲಿದದ್ದು ನನ್ನ ಕೈ. ಹತ್ತು ವರ್ಷ ಅದು ಕಲಿತದ್ದು ಒಂದೇ ಪಾಠ. ನಮ್ಮಲ್ಲಿ ಹುಡುಗಿಗೆ ಪೋಲಕ ಹೊಲಿಸಲು ಬಂದ ಯಾವ ತಾಯಿಯೂ ಇದ್ದ ಅಳತೆಗೆ ಹೊಲಿಸುವುದಿಲ್ಲ. "ಬೆಳಿಯೂ ಹುಡುಗಿ, ಒಳಗ ಒಂದೀಟ ಬಿಡ್ರಿ," ಅನ್ನುತ್ತಾಳೆ. ಅವಳು ಅನ್ನದಿದ್ದರೂ ನಾನು ಬಿಡುತ್ತೇನೆ. ಬಿಡದ ದರ್ಜಿಗೆ ನಮ್ಮೂರಲ್ಲಿ ಗಿರಾಕಿಗಳಿಲ್ಲ. ಕುಲಾವಿಗೂ ಹಾಗೇ ಬಿಟ್ಟೆ. ಹಿಂಭಾಗದಲ್ಲಿ ನಾಲ್ಕು ನೆರಿಗೆ ಹಿಡಿದು, ಅಂಚಿನೊಳಗೆ ಕಸಿ, ಅಂದರೆ ಎಳೆದು ಕಟ್ಟುವ ದಾರ, ತೂರಿಸಿದೆ. ಕಸಿ ಎಳೆದು ಕಟ್ಟಿದರೆ ನೆರಿಗೆ ಮುಚ್ಚಿ ಟೋಪಿ ತಲೆಗೆ ಕೂಡುತ್ತದೆ. ತಲೆ ಬೆಳೆದರೆ ನೆರಿಗೆ ತಾನೇ ಬಿಚ್ಚಿಕೊಂಡು ಜಾಗ ಕೊಡುತ್ತದೆ. ಒಳ್ಳೆಯ ಕೆಲಸ. ನೋಡಿದವರೆಲ್ಲ ಹೊಗಳಿದರು.

ನಾಲ್ಕು ವಾರ ಹೋದೆ. ಆ ಚಳಿಯಲ್ಲಿ ಮಾಗಡಿ ಕೆರೆಯ ಪಕ್ಕ ಬಸ್ಸು ಹಾಯುವಾಗ ಜನರೆಲ್ಲ ಒಂದೇ ಕಿಟಕಿಗೆ ಮುಗಿಬೀಳುತ್ತಿದ್ದರು, ದೂರದೇಶದ ಹಕ್ಕಿಗಳು ಬಂದಿವೆ ಎಂದು. ನನಗೆ ಆ ಹಕ್ಕಿಗಳ ಮೇಲೂ ಸಿಟ್ಟು. ಪರ್ವತ ದಾಟಿ ಬಂದು ಯಾರದೋ ಶೇಂಗಾ ಹೊಲ ಮೇಯ್ದು ಹೋಗುವವಕ್ಕೆ ಇಷ್ಟು ಮರ್ಯಾದೆ. ಲಕ್ಷ್ಮೇಶ್ವರದಲ್ಲಿ ನನಗೆ ನೀರು ಕೇಳಿದರೂ ಕೊಡುವವರಿಲ್ಲ.

ಪ್ರತಿ ವಾರ ಕುಲಾವಿ ಕಟ್ಟಿದೆ. ಹಣೆಯ ಮೇಲೆ ಚೆಂದ ಕೂಡುತ್ತಿತ್ತು. ಪ್ರತಿ ವಾರ ಬಸವರಾಜನಿಗೆ, "ಬರಾಬರಿ ಐತಿ, ಚಿಂತಿ ಮಾಡಬ್ಯಾಡ," ಎಂದೆ. ಊರಿನ ಎಲ್ಲದಕ್ಕೂ ಚಿಂತೆ ಮಾಡುವವಳು ಇದೊಂದಕ್ಕೆ ಮಾಡಲಿಲ್ಲ.

ನಾಲ್ಕನೆಯ ವಾರ ಹೋದಾಗ ನೀಲವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ದಿನವೂ ನೀರೆರೆಯುವ ಮೊದಲು ನೆತ್ತಿಯ ತಗ್ಗಿಗೆ ಒಂದೆರಡು ಹನಿ ಬಿಸಿ ಎಣ್ಣೆ ಬಿಟ್ಟು, ಅದು ತಾನಾಗಿ ಇಂಗುವವರೆಗೆ ಕಾಯುವುದು ಅವಳ ಪದ್ಧತಿ. ಅಂದು ಎಣ್ಣೆ ಬಿಟ್ಟಳು. ಅದು ಎರಡೂ ಕಡೆ ಕಿವಿಗೆ ಹರಿದುಹೋಯಿತು.

"ನೋಡ. ನೆತ್ತ್ಯಾಗ ಎಣ್ಣಿ ನಿಲ್ಲವಲ್ದು. ತಗ್ಗ ಹೋಗಿ ದಿಬ್ಬ ಆಗೇತಿ. ಮೂರ ದಿನಾ ಆತು."

"ಎಣ್ಣಿ ತೆಳ್ಳಗ ಐತಿ ಬಿಡ್ರಿ."

"ಐವತ್ತ ಕೂಸ ಎರದೇನಿ ಈ ಕಾಲಮ್ಯಾಲ. ನನಗ ಎಣ್ಣಿ ಹೇಳಾಕ ಬಂದ್ಯಾ?"

"ಕುಲಾವಿ ಬರಾಬರಿ ಕುಂಡರತೈತಿ, ನೋಡ್ರಿ ಬೇಕಾರ. ತಲಿ ಬೆಳದಿದ್ರ ಹೆಂಗ ಕುಂಡರತಿತ್ತು?"

ರೇಣುಕಾ ಸಣ್ಣಗೆ ಅಂದಳು: "ಅಕ್ಕಾರ, ಮೊನ್ನಿಯಿಂದ ಮ್ಯಾಲ ನೋಡವಲ್ಲದರಿ. ಬರೇ ಕೆಳಗ ನೋಡತೈತಿ. ಅಳೂದೂ ಸಣ್ಣ ಆಗೇತಿ."

"ಅತ್ತಿ ಬಂದಾಳಂತ ನಾಚಿಕಿ," ಎಂದೆ.

ಈ ಮಾತನ್ನು ನಾನು ಆಡಿದ್ದು ಹೌದು. ಡಾಕ್ಟರು ಹೇಳಿದ ಮೂರರಲ್ಲಿ ಒಂದು ನನ್ನ ಕಣ್ಣೆದುರಿಗಿತ್ತು, ಕಪ್ಪುಗುಡ್ಡೆ ಅರ್ಧ ಮುಳುಗಿ ಮೇಲೆ ಬಿಳಿ ಕಾಣುತ್ತಿತ್ತು, ನಾನು ಚೇಷ್ಟೆ ಮಾಡಿದೆ. ಎದುರಿಗೆ ಮುದುಕಿ ಕೂತಿದ್ದಳಲ್ಲ, ಅವಳ ಮುಂದೆ ಸೋಲಬಾರದು. ಎಣ್ಣೆ ಹಿಡಿದ ಕುಲಾವಿಯನ್ನು ಒಗೆದು ತರುತ್ತೇನೆಂದು ಚೀಲಕ್ಕೆ ತುರುಕಿಕೊಂಡು, ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದೆ. ಚಹಾ ಯಾರೂ ಕೊಟ್ಟಿರಲಿಲ್ಲ, ಅದು ಬೇರೆ.

ಬಸ್ಸಿನಲ್ಲಿ ಸಿಟ್ಟು ಇಳಿಯುತ್ತ ಬಂದಂತೆ ಕೈಗೆ ಕೆಲಸ ಬೇಕಾಯಿತು. ಕುಲಾವಿ ತೆಗೆದು ತಿರುವಿದೆ. ಹಳೆಯ ಇಳಕಲ್ಲಿನ ಕೆಂಪು ಬಣ್ಣ ಎಣ್ಣೆ ಕುಡಿದು ಕಪ್ಪಾಗಿತ್ತು. ನೆರಿಗೆಯೊಳಗೆ ಮುಚ್ಚಿದ ಬಟ್ಟೆಗೆ ಎಣ್ಣೆ ತಾಗುವುದಿಲ್ಲ, ಅದು ಹಳೆಯ ಬಣ್ಣದಲ್ಲೇ ಉಳಿಯಬೇಕು. ಮೊದಲ ನೆರಿಗೆ ಬಿಡಿಸಿದೆ. ಪೂರ್ತಿ ಕಪ್ಪು. ಎರಡನೆಯದೂ ಕಪ್ಪು. ಮೂರನೆಯದರಲ್ಲಿ ಎಣ್ಣೆ ಇನ್ನೂ ಹಸಿ. ನಾಲ್ಕನೆಯದರ ತಳದಲ್ಲಿ ಮಾತ್ರ ಬೆರಳಗಲದ ಒಂದು ಕೆಂಪು ಗೆರೆ. ಕೊರಳಿನ ಟೇಪು ತೆಗೆದು ಅಂಚಿಗೆ ಹಿಡಿದೆ. ದವಾಖಾನೆಯ ಚೀಟಿಯ ಅಳತೆಗಿಂತ ಎರಡು ಇಂಚಿಗೆ ಹತ್ತಿರ ಹೆಚ್ಚು. ಕೂಸಿನ ತಲೆ ವಾರವಾರವೂ ಬೆಳೆದಿತ್ತು, ನನ್ನ ಹೊಲಿಗೆ ವಾರವಾರವೂ ಅದಕ್ಕೆ ಜಾಗ ಬಿಟ್ಟುಕೊಟ್ಟಿತ್ತು. ಬಿಗಿಯಾಗಲು ಅದಕ್ಕೆ ನಾನು ದಾರಿಯನ್ನೇ ಇಟ್ಟಿರಲಿಲ್ಲ.

"ಇಳಸ್ರಿ," ಎಂದೆ. ಕಂಡಕ್ಟರು ಸಿಳ್ಳೆ ಹೊಡೆದ. ಮಾಗಡಿಯ ಕೆರೆಯ ಎದುರು ಇಳಿದೆ. ನಡುಹಗಲು, ನೀರ ತುಂಬ ಹಕ್ಕಿ. ದಂಡೆಯ ಮೇಲೆ ಕೂತ ಮುದುಕನೊಬ್ಬ ಕೈಯಲ್ಲಿ ಟೇಪು ಹಿಡಿದು ನಿಂತ ನನ್ನನ್ನು ನೋಡಿ, "ಹಕ್ಕಿ ಅಳಿಯಾಕ ಬಂದೀಯೇನವಾ?" ಎಂದ. ಅವನಿಗೆ ಏನು ಬೈದೆನೋ ನೆನಪಿಲ್ಲ. ಅವನು ಎದ್ದು ಸ್ವಲ್ಪ ದೂರ ಹೋಗಿ ಕೂತದ್ದು ನೆನಪಿದೆ. ಶೇಂಗಾ ಚೀಲ ಹೇರಿದ ಟೆಂಪೋ ಒಂದು ಲಕ್ಷ್ಮೇಶ್ವರದ ಕಡೆ ಹೊರಟಿತ್ತು. ಅಡ್ಡ ನಿಂತು ತಡೆದೆ.

ಹೋಗುವಷ್ಟರಲ್ಲಿ ಮನೆಯ ಮುಂದೆ ದಾವಲಸಾಬನ ಜೀಪು ನಿಂತಿತ್ತು. ಓಣಿಯವನೇ, ಬಾಡಿಗೆ ಓಡಿಸುವವನು. ಒಳಗೆ ಆಗಲೇ ನೀಲವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು, ಪಕ್ಕದಲ್ಲಿ ರೇಣುಕಾ. ನಾನು ಏದುತ್ತ ಬಾಗಿಲು ಹಿಡಿದು ಬಾಯಿ ತೆರೆದೆ.

"ಬರೂದಿದ್ರ ಹತ್ತ. ಇಲ್ಲಾಂದ್ರ ಹಾದಿ ಬಿಡ," ಎಂದಳು ನೀಲವ್ವ.

ಹತ್ತಿದೆ. ಹುಬ್ಬಳ್ಳಿಯವರೆಗೂ ಕಚ್ಚಾಡಿದೆವು: ಕಿಟಕಿ ತೆರೆಯಬೇಕೋ ಮುಚ್ಚಬೇಕೋ, ಕೂಸಿನ ತಲೆ ಎತ್ತರಕ್ಕಿರಬೇಕೋ ತಗ್ಗಿಗೋ. ಕೂಸು ಉಸಿರೆಳೆದಾಗ ಗೊರಗೊರ ಅನ್ನುತ್ತಿತ್ತು. ಕೊನೆಗೆ ದಾವಲಸಾಬ ಕನ್ನಡಿಯಲ್ಲಿ ನೋಡಿ, "ಅವ್ವಾರ, ಅಕ್ಕಾರ, ಇಬ್ರೂ ಒಂದೀಟ ಬಾಯಿ ಮುಚ್ಚರಿ. ಆ ಕೂಸಿನ ಉಸರ ಕೇಳಸಲಿ. ಅದು ಕೇಳಸತಿದ್ರ ನನಗ ಗಾಡಿ ಹೊಡ್ಯಾಕ ಧೈರ್ಯ," ಎಂದ. ಮುಚ್ಚಿದೆವು. ನೀಲವ್ವನ ಅಂಗೈ ನೆತ್ತಿಯಿಂದ ಕದಲಲಿಲ್ಲ.

ಡಾಕ್ಟರು ಟೇಪು ಹಿಡಿದರು. ಮತ್ತೊಮ್ಮೆ ಹಿಡಿದರು. ಆಮೇಲೆ ತಲೆ ಎತ್ತಿ ಕೇಳಿದರು: "ವಾರಕ್ಕೊಮ್ಮೆ ಅಳೀರಿ ಅಂದಿದ್ದೆ. ಯಾರು ಅಳೀತಿದ್ರಿ?"

ಚೀಲ ನನ್ನ ತೋಳಲ್ಲಿತ್ತು, ಚೀಲದಲ್ಲಿ ಕುಲಾವಿ.

"ಇವರು ಅಳಿಯಾಕ ಬಿಡಲಿಲ್ರಿ," ಎಂದು ನೀಲವ್ವನನ್ನು ತೋರಿಸಿದೆ.

ಸುಳ್ಳಲ್ಲ. ಖರೆಯ ಅರ್ಧ. ನೀಲವ್ವ ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು. "ಹೌದರಿ, ನಾನ ಬ್ಯಾಡ ಅಂದೆ," ಎಂದಳು. ಡಾಕ್ಟರು ಅವಳಿಗೆ ಬೈದರು. ಇಡೀ ವಾರ್ಡು ಕೇಳುವಂತೆ, ಮೂಢರು, ಕೊಲೆಗಡುಕರು ಎಂಬಂತೆ ಬೈದರು. ಐವತ್ತು ಕೂಸು ಎರೆದ ಹೆಂಗಸು ಕೈಕಟ್ಟಿ ನಿಂತಿದ್ದಳು. ನಾನು ಪಕ್ಕದಲ್ಲೇ ನಿಂತು ಕೇಳಿದೆ.

ಮಶೀನಿನಲ್ಲಿ ತೆಗೆದ ಚಿತ್ರದಲ್ಲಿ ಮಿದುಳು ನಡುವೆ ಕಪ್ಪು ನೀರು ತುಂಬಿ ಅಂಚಿಗೆ ಸರಿದಿತ್ತು. ಮರುದಿನ ಬೆಳಿಗ್ಗೆ ಕಿವಿಯ ಹಿಂದೆ ತೂತು ಮಾಡಿ, ತಲೆಯಿಂದ ಹೊಟ್ಟೆಯವರೆಗೆ ಚರ್ಮದ ಕೆಳಗೇ ಒಂದು ಸಣ್ಣ ನಳಿಗೆ ಹಾಕಿದರು, ಹೆಚ್ಚಾದ ನೀರು ಹೊಟ್ಟೆಗೆ ಇಳಿಯಲೆಂದು. ಹೊರಬಂದ ಡಾಕ್ಟರು ಶಾಂತವಾಗಿದ್ದರು. ನನಗೆ ವಿವರಿಸುತ್ತ ಅಂದರು: "ಹೊಟ್ಟಿ ಒಳಗ ನಳಿಗಿ ಉದ್ದ ಸುತ್ತಿ ಬಿಟ್ಟೇವಿ. ಬೆಳಿಯೂ ಕೂಸಲ್ಲ, ಬೆಳದಂಗ ಬಿಚ್ಚಿಕೊಳ್ಳಲಿ ಅಂತ. ನಿಮ್ಮ ಕೆಲಸದಾಗೂ ಹಂಗ ಬಿಡತೀರಲ್ಲ?"

ಹೌದ್ರಿ ಎಂದೆ. ಕುಲಾವಿಯಿದ್ದ ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಹೊರಗೆ ನಡೆದೆ.

ಆ ನಾಲ್ಕು ವಾರದಲ್ಲಿ ಏನು ಹೋಯಿತು ಎಂದು ಕೇಳಿದೆ, ಆಗಲೂ, ಮುಂದೆಯೂ. ಹೇಳಲು ಬರುವುದಿಲ್ಲ ಎಂದರು. ಇಂಥ ಮಕ್ಕಳ ಮಿದುಳಿನ ರಚನೆಯೇ ಕೆಲವು ಕಡೆ ಬೇರೆ ಇರುತ್ತದೆ; ಎಷ್ಟು ಹುಟ್ಟಿನಿಂದ, ಎಷ್ಟು ತಡದಿಂದ, ಯಾರು ಬೇರ್ಪಡಿಸಿ ಹೇಳಿಯಾರು?

ಹೆಸರಿಟ್ಟದ್ದು ಶಿವರಾತ್ರಿ ಕಳೆದ ಮೇಲೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ನಗೆಚಾಟಿಕೆ, ಒಬ್ಬೊಬ್ಬರದು ಒಂದೇ ಗುದ್ದು, ಬಳೆ ಸಪ್ಪಳ ಹೆಚ್ಚು, ಪೆಟ್ಟು ಕಡಿಮೆ. ನಾನು ಬಾಗಿ "ಗಿರಿಜಾ" ಎಂದೆ. ಎಲ್ಲರೂ ಒಂದೊಂದು ಗುದ್ದಿದರು. ನೀಲವ್ವ ಮುಷ್ಟಿ ಬಿಗಿದು ನಾಲ್ಕು ಗುದ್ದಿದಳು. ಉಸಿರು ನಿಂತುಹೋಯಿತು. ಹೆಂಗಸರು ಬಿದ್ದುಬಿದ್ದು ನಕ್ಕರು. ಬೀಗತಿಯ ಹಗೆ ಎಂದು ನಾನು ಎಂಟು ದಿನ ಬೆನ್ನಿಗೆ ಶಾಖ ಕೊಟ್ಟುಕೊಂಡೆ.

ಗಿರಿಜಾ ಈಗ ನನ್ನ ಅಂಗಡಿಯಲ್ಲಿ ಕೂಡುತ್ತಾಳೆ. ಕಾಲಿಗೆ ಆಧಾರದ ಪಟ್ಟಿ, ಕಂಕುಳಿಗೆ ಊರುಗೋಲು. ನಳಿಗೆ ಎರಡು ಸಲ ಬದಲಾಯಿಸಿದೆ. ಸೀರೆಗೆ ಫಾಲ್ ಹಚ್ಚುತ್ತಾಳೆ, ಪೋಲಕಕ್ಕೆ ಹುಕ್ಕು ಹಾಕುತ್ತಾಳೆ, ಮಾತಾಡುತ್ತಾಳೆ. ಅವಳ ಮಾತು ಮುಗಿಯಲೆಂದು ಕಾದ ಗಿರಾಕಿಗಳು ಇನ್ನೊಂದು ಪೋಲಕಕ್ಕೆ ಬಟ್ಟೆ ಕೊಟ್ಟು ಹೋಗಿದ್ದಾರೆ. ಟೇಪಿನ ಮೇಲಿನ ಅಂಕಿ ಮಾತ್ರ ಅವಳಿಗೆ ಹತ್ತುವುದಿಲ್ಲ. ಎಷ್ಟು ಕಲಿಸಿದರೂ ಮೂವತ್ತಾರು ಅವಳ ಕೈಯಲ್ಲಿ ಅರವತ್ಮೂರು ಆಗುತ್ತದೆ. "ಅತ್ತಿ, ನೀ ಓದ, ನಾ ಹಿಡೀತೇನಿ," ಅನ್ನುತ್ತಾಳೆ. ನಾನು ಓದುತ್ತೇನೆ. ಓದುವಾಗೆಲ್ಲ ಇದು ಹುಟ್ಟಿನದೋ, ಆ ನಾಲ್ಕು ವಾರದ್ದೋ ಎಂಬುದು ಎದೆಯಲ್ಲಿ ತಿರುಗುತ್ತದೆ.

ಹೋದ ತಿಂಗಳು ಆ ವಾಸನೆಯ ಮನೆಯಲ್ಲಿ, ಹಜಾರದಲ್ಲಿ ಗಿರಿಜಾ ಬೀಗರ ಹೆಂಗಸರಿಗೆಲ್ಲ ಏನೋ ಹೇಳಿ ನಗಿಸುತ್ತಿದ್ದಳು. ನಾನು ಬಚ್ಚಲ ಬಾಗಿಲಿಗೆ ಹೋದೆ. ನೀಲವ್ವ ಮಣೆಯ ಮೇಲೆ ಕಾಲು ಚಾಚಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಕುಲಾವಿ ತೆಗೆದು ಅವಳ ಮುಂದೆ ಇಟ್ಟು, ನೆರಿಗೆ ಬಿಡಿಸಿ ತೋರಿಸಿದೆ. ಎಲ್ಲ ಹೇಳಿದೆ. ಬಸ್ಸು, ಮಾಗಡಿ, ದವಾಖಾನೆಯಲ್ಲಿ ಆಡಿದ ಅರ್ಧ ಮಾತು.

ಅವಳು ಕುಲಾವಿಯನ್ನು ಮುಟ್ಟಲಿಲ್ಲ.

"ಗೊತ್ತೈತಿ. ಅವತ್ತ ಡಾಕ್ಟರ ಮುಂದ ನಿನ್ನ ಚೀಲದಾಗಿಂದ ಕಸಿ ಜೋತಾಡತಿತ್ತು. ನಾಕ ಬೆರಳ ಬಿಟ್ಟ ಕಟ್ಟಿದ್ದ ಕಸಿ, ಎರಡ ಬೆರಳ ಉಳದಿತ್ತು. ದಿನಾ ಬಿಚ್ಚಿ ಕಟ್ಟಾಕಿ ನಾನಲ್ಲೇನು?"

"ಮತ್ತ ಯಾಕ ಹೇಳಲಿಲ್ಲ?"

"ನಿನ್ನ ತಪ್ಪ ಹೇಳಿದ್ರ ನನ್ನ ತಪ್ಪ ಹೋಗತಿತ್ತೇನು? ಟೇಪ ಹಿಡಿಯಾಕ ಬಿಡದಾಕಿ ನಾ. ಕಸಿ ಸಣ್ಣ ಆಗೂದ ಕಂಡೂ ಸುಮ್ಮನಿದ್ದಾಕಿ ನಾ. ನೀ ಟೇಲರ್, ನಿನಗ ತಿಳೀತೈತಿ ಅಂತ ನಂಬಿದ್ನಿ. ಒಮ್ಮೆ ನಂಬಿದ್ನಿ ನಿನ್ನ, ಅದಽ ಕಡೀದು."

ಕೂಸಿನ ನೆತ್ತಿಗೆ ಎಣ್ಣೆ ಬಿಟ್ಟಳು. ತಗ್ಗಿನಲ್ಲಿ ಅದು ನಿಂತಿತು, ಸಣ್ಣ ನಾಣ್ಯದಷ್ಟು. ಇಬ್ಬರೂ ಅದನ್ನೇ ನೋಡಿದೆವು, ಅದು ಇಂಗುವವರೆಗೂ.

"ಸುಮ್ಮನ ಏನ ಬಿಟ್ಟಿಲ್ಲ ನಿನ್ನ," ಎಂದಳು ಆಮೇಲೆ, ಕೂಸಿನ ಕಾಲು ನೀವುತ್ತ. "ಹೆಸರಿಡೂ ದಿನಾ ಎಲ್ಲಾರೂ ಒಂದ ಗುದ್ದಿದ್ರು. ನಾ ನಾಕ ಗುದ್ದಿದ್ನಿ. ನೆನಪೈತೇನ?"

"ಐತಿ."

"ವಾರಕ್ಕೊಂದು," ಎಂದಳು.